ತಿದ್ದಿದ ರಿಷಭ

ಇನ್ನೊಂದು ಸಲ ನೋಡಿಯೇಬಿಡೋಣ ಎಂದು ಗುರುಲಿಂಗ ಮೈಕಿನ ಗುಂಡಿ ಒತ್ತಿದ. ಹೆಡ್‌ಫೋನು ಕಿವಿಗೇರಿಸಿ, ಷಡ್ಜ ಹಿಡಿದು, ಅದಕ್ಕೆ ತಾಗಿಕೊಂಡೇ ಇರುವ ಭೈರವಿಯ ಕೋಮಲ ರಿಷಭಕ್ಕೆ ಮೆಲ್ಲಗೆ ದನಿ ಸರಿಸಿದ. ಗಂಟಲಲ್ಲಿ ಸರಿಯಾಗಿಯೇ ಹುಟ್ಟಿದ ಸ್ವರ ಕೀಬೋರ್ಡಿನ ಹೊಟ್ಟೆ ಹೊಕ್ಕು ಕಿವಿಗೆ ಬರುವಷ್ಟರಲ್ಲಿ ಒಂದು ಮನೆ ಮೇಲೇರಿ ಶುದ್ಧ ರಿಷಭವಾಗಿಬಿಟ್ಟಿತ್ತು. ಮುಂಜಾನೆಯಿಂದ ಇದನ್ನೇ ಮಾಡುತ್ತಿದ್ದಾನೆ. ಪೆಟ್ಟಿಗೆಯ ತಪ್ಪೇನಿಲ್ಲ. ಹಾಡುವವರ ದನಿ ಎಲ್ಲಾದರೂ ಜಾರಿದರೆ ಹಿಡಿದು ಸರಿಯಾದ ಮನೆಯಲ್ಲಿ ಕೂರಿಸು ಎಂದು ಅದಕ್ಕೆ ಹೇಳಿಟ್ಟವನು ಇವನೇ. ಸರಿಯಾದ ಮನೆಗಳು ಯಾವುವು ಎಂದರೆ ಮೈನರ್ ಎಂಬ ಪಾಶ್ಚಾತ್ಯ ಸ್ವರಶ್ರೇಣಿಯವು ಎಂದು ತೋರಿಸಿಕೊಟ್ಟವನೂ ಇವನೇ. ಮೈನರ್‌ನಲ್ಲಿ ಮೂರು ಸ್ವರ ಕೋಮಲ, ರಿಷಭ ಮಾತ್ರ ಶುದ್ಧ. ಭೈರವಿಗೆ ಆ ರಿಷಭವೂ ಕೋಮಲವೇ ಬೇಕು. ನೂರಾರು ವಾದ್ಯಗಳ ದನಿ, ದೇಶದೇಶದ ತಾಳ, ಹಾಳು ಬಾವಿಯಲ್ಲಿ ಕೂಗಿದಂಥ ಎಕೋ, ಒಬ್ಬರನ್ನು ಮೂವರನ್ನಾಗಿ ಮಾಡುವ ಹಾರ್ಮನಿ, ಎಲ್ಲ ಇಟ್ಟ ಪುಣ್ಯಾತ್ಮರು ಭೈರವಿ ಎಂಬುದೊಂದನ್ನು ಇಟ್ಟಿಲ್ಲ. ಅದು ಗೊತ್ತಿದ್ದೇ ಅವನು ಭೈರವಿಗೆ ಬೇರೊಂದು ಗುಂಡಿ ಮಾಡಿಕೊಂಡಿದ್ದ, ಹನ್ನೆರಡೂ ಮನೆ ಸರಿ ಎಂದು ಹೇಳಿ. ಮನ್ನಾಏಖೇಳ್ಳಿಯ ಕಾರ್ಯಕ್ರಮದಲ್ಲಿ ಆ ಗುಂಡಿ ಒತ್ತಲಿಲ್ಲ ಅಷ್ಟೇ. ಅಷ್ಟೇ ಎಂದುಕೊಂಡಾಗಲೆಲ್ಲ ಮತ್ತೆ ಮೈಕು ಹಚ್ಚಿ ನೋಡುತ್ತಾನೆ.

"ಅದೇನ್ರಿ ಹೊತ್ತು ಮೂಡಿದಾಗಿಂದ ಆ ಆ ಅಂತ, ದವಾಖಾನಿಯೊಳಗ ಡಾಕ್ಟರಗ ಬಾಯಿ ತೋರಿಸಿದಂಗ," ಎಂದಳು ಒಳಗಿನಿಂದ ಹೆಂಡತಿ ದ್ರೌಪತಿ. "ಚಾ ಆರಿ ನೀರಾಗ್ಯಾದ. ಕಲ್ಯಾಣಕ್ಕ ಹೋಗೂದಿದ್ರ ಹೋಗ್ರಿ, ಇಲ್ಲಂದ್ರ ಬ್ಯಾಳಿ ಬೀಸಿಕೊಂಡು ಬರ್ರಿ." ಅವನು ಹೆಡ್‌ಫೋನು ತೆಗೆದ. ಹೋಗಬೇಕಿತ್ತು. ನಿನ್ನೆ ಬಸವಕಲ್ಯಾಣದಿಂದ ಸ್ನೇಹಲ್ ಫೋನು ಮಾಡಿದ್ದಳು, ಅವನು ಸಾಥ್ ಕೊಡುವ ಹಾಡುಗಾರ್ತಿ ಸಂಗಮ್ಮಕ್ಕನ ಸೊಸೆ. "ಕಾಕಾ, ಅತ್ತಿ ಹಾಡೋದು ಬಿಟ್ಟಾರ್ರಿ. ಸ್ಟೇಜಿಂದು ಒತ್ತಟ್ಟಿಗಿರಲಿ, ಮುಂಜಾನಿ ಪೂಜಿಗಿ ಕುಂತಾಗ ಸುದ್ಧಾ ಬಾಯಿ ತೆರಿಯಂಗಿಲ್ಲ. ನಿರ್ಣಾದ ಕಾರ್ಯಕ್ರಮದವರಿಗಿ ಫೋನ್ ಮಾಡಿ, ನಮ್ಮ ಸೊಸಿ ಹಾಡ್ತಾಳ, ನಾ ಬರಂಗಿಲ್ಲ ಅಂದುಬಿಟ್ಟಾರ. ನಾ ಅಷ್ಟು ದೊಡ್ಡಾಕಿ ಅದೀನೇನ್ರಿ? ನೀವರೆ ಬಂದು ಒಂದು ಮಾತು ಹೇಳ್ರಿ, ನಿಮ್ಮ ಮಾತಂದ್ರ ಖರೆ ಅಂತ ತಿಳೀತಾರ." ಕೊನೆಯ ಮಾತಿಗೆ ಅವನು ಹೂಂ ಎನ್ನಲಾರದೆ ಕೆಮ್ಮಿದ್ದ. ಬರುತ್ತೇನೆ ಎಂದು ಹೇಳಿ ಇಟ್ಟಿದ್ದ. ಬಂದು ಏನು ಹೇಳುವುದು ಎಂಬುದು ಮಾತ್ರ ಇನ್ನೂ ಬಗೆಹರಿದಿರಲಿಲ್ಲ. ಹೇಳಿದರೆ ಅಕ್ಕ ತನ್ನನ್ನು ಬಿಡುತ್ತಾಳೆ, ಹೇಳದಿದ್ದರೆ ಹಾಡನ್ನೇ ಬಿಡುತ್ತಾಳೆ. ಎರಡರಲ್ಲಿ ಯಾವುದಾದರೂ ತಡೆದುಕೊಳ್ಳಬಹುದೇ ಎಂದು ಆರಿದ ಚಹಾ ಕುಡಿಯುತ್ತ ಯೋಚಿಸಿದ. ಚಹಾದ ಮೇಲೆ ಕೆನೆ ಕಟ್ಟಿತ್ತು.

ಬಸ್ಸಿಗೆ ಹೋಗುವ ದಾರಿಯಲ್ಲೆಲ್ಲ ಬೆರಳುಗಳು ಜೇಬಿನೊಳಗೆ ಆಡುತ್ತಲೇ ಇದ್ದವು. ಆ ಬೆರಳುಗಳ ಮೇಲೆ ಅವನಿಗೆ ಸಿಟ್ಟು. ಮನ್ನಾಏಖೇಳ್ಳಿಯಲ್ಲಿ ಮೋಸ ಮಾಡಿದ್ದು ಅವೇ. ಅಡತಿ ಅಂಗಡಿಯ ಸಂತೋಷಕುಮಾರ ತನ್ನ ತಂದೆಯ ಪುಣ್ಯಸ್ಮರಣೆಗೆ ಕರೆಸಿದ್ದ. ಸಂಜೆಯ ಹೊತ್ತು, ಹೆದ್ದಾರಿಗೆ ಹತ್ತಿಕೊಂಡೇ ಶಾಮಿಯಾನ, ಲಾರಿಗಳ ಸದ್ದು ಮೈಕಿನೊಳಗೂ ಬರುತ್ತಿತ್ತು. ಗುರುಲಿಂಗನ ಕೀಬೋರ್ಡಿನಲ್ಲಿ ನಾಲ್ಕು ಗುಂಡಿ ಸಾಲಾಗಿ. ಒಂದನೆಯದು ಒತ್ತಿದರೆ ಶಹನಾಯಿ, ಬಂದವರಿಗೆ ಹಾರ ಹಾಕುವಾಗ. ಎರಡನೆಯದು ಭಾಷಣಕ್ಕೆ. ಮೂರನೆಯದು, ಮೈನರ್ ಇಟ್ಟದ್ದು, ಸಂಗಮ್ಮಕ್ಕನ ಪದಗಳಿಗೆ, ನಾಲ್ಕನೆಯದು ಕೊನೆಯ ಭೈರವಿಗೆ. ಎಲ್ಲ ಊರಲ್ಲೂ ಕಾರ್ಯಕ್ರಮ ಇದೇ ಸಾಲಿನಲ್ಲಿ ಸಾಗುತ್ತದೆ: ಹಾರ, ಭಾಷಣ, ಪದ, ಭೈರವಿ. ಬೆರಳು ತಾನಾಗಿ ಒಂದರ ಮುಂದೆ ಒಂದು ಹೋಗುತ್ತದೆ, ನೋಡುವುದೂ ಬೇಡ. ಅವತ್ತು ಪದಗಳು ಮುಗಿದು ಇನ್ನೇನು ಭೈರವಿ ಎನ್ನುವಾಗ ತಡವಾಗಿ ಒಬ್ಬ ಸಾಹೇಬರು ಬಂದರು. ಸಂತೋಷಕುಮಾರ ಬಗ್ಗಿ ಓಡಿಬಂದು, "ಮಾಸ್ತರ, ಸಾಹೇಬ್ರು ಬಂದ್ರು, ಜರಾ ಶಹನಾಯಿ ಬಿಡ್ರಿ" ಎಂದ. ನಳ ಬಿಟ್ಟಂತೆ ಇವನೂ ಬಿಟ್ಟ. ಸಾಹೇಬರು ಮೈಕು ಹಿಡಿದು ಎರಡು ಮಾತು ಆಡುತ್ತೇನೆಂದು ಇಪ್ಪತ್ತು ಮಾತು ಆಡಿದರು, ನಡುವೆ ಕೈಬೀಸಿ "ಎಕೋ ಹೆಚ್ಚಗಿ ಇಡ್ರಿ" ಎಂದು ಸನ್ನೆ ಮಾಡಿದರು. ಅವರು ಇಳಿದ ಮೇಲೆ ಬೆರಳು ಎಂದಿನ ಹಾಗೆ ಎರಡರ ಮುಂದಿನ ಮೂರಕ್ಕೆ ಹೋಯಿತು. ನಾಲ್ಕಕ್ಕೆ ಹೋಗಬೇಕಿತ್ತು.

ಅಕ್ಕ ಕಣ್ಣು ಮುಚ್ಚಿ ಭೈರವಿ ಎತ್ತಿಕೊಂಡಳು. ಮೊದಲ ಸಾಲಿನ ತುದಿಗೆ ರಿಷಭ. ಸ್ಪೀಕರಿನಿಂದ ಬೇರೆಯದೇ ಬಂತು. ಅಕ್ಕನ ಕಣ್ಣು ತೆರೆಯಿತು. ಮತ್ತೆ ಹಿಡಿದಳು, ಮತ್ತೆ ಅದೇ. ಮುಂದೆ ಕೂತಿದ್ದ ಹೆಂಗಸರಲ್ಲಿ ಯಾರೋ ಮುಸಿ ಮುಸಿ ನಕ್ಕರು. ರಾಗ ತಿಳಿಯದವರಿಗೂ ಹದ ಕೆಟ್ಟದ್ದು ತಿಳಿಯುತ್ತದೆ. ಅಷ್ಟರಲ್ಲಿ ಗುರುಲಿಂಗನಿಗೆ ತನ್ನ ತಪ್ಪು ಗೊತ್ತಾಗಿತ್ತು. ಬೆರಳು ನಾಲ್ಕನೆಯ ಗುಂಡಿಯ ಮೇಲೆ ಹೋಗಿ ಕೂತೂ ಇತ್ತು. ಒತ್ತಿದರೆ ಮುಗಿಯುತ್ತಿತ್ತು. ಆದರೆ ಒತ್ತಿದ ಕೂಡಲೇ ರಿಷಭ ತಟ್ಟನೆ ಸರಿಹೋದರೆ ಅಕ್ಕನಿಗೆ ಅನುಮಾನ ಬಾರದಿರುತ್ತದೆಯೇ? ಅವಳ ಕಿವಿ ಎಂಥದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು? ಒಂದು ಎಳೆ ಸಿಕ್ಕರೆ ಸಾಕು, ಎರಡು ವರ್ಷದಿಂದ ಗುಟ್ಟಾಗಿ ತಿದ್ದಿದ್ದೆಲ್ಲ ಬಿಚ್ಚಿಕೊಂಡು ಬರುತ್ತಿತ್ತು. ಬೆರಳು ಗುಂಡಿಯ ಮೇಲೆಯೇ ಇತ್ತು, ಅವನು ಒತ್ತಲಿಲ್ಲ. ಮೂರನೆಯ ಸಲವೂ ಸ್ವರ ಕೈಕೊಟ್ಟಾಗ ಸಂಗಮ್ಮ ಎರಡೂ ಕಿವಿ ಮುಟ್ಟಿಕೊಂಡು, "ತಪ್ಪಾಯ್ತರಿ ಶರಣರ, ಧ್ವನಿ ಸಾಥ್ ಕೊಡವಲ್ದು" ಎಂದು ಮೈಕಿನಲ್ಲೇ ಹೇಳಿ, ತಾಳ ಕೆಳಗಿಟ್ಟು, ಸಭೆಗೆ ಕೈಮುಗಿದಳು. ಅವಳು ಹಾಡು ನಡುವೆ ನಿಲ್ಲಿಸಿದ್ದನ್ನು ಅವನು ಅದುವರೆಗೆ ಕಂಡಿರಲಿಲ್ಲ. ಗುಂಡಿ ತಪ್ಪಿದ್ದು ಬೆರಳಿನ ಪಾಪ ಎನ್ನಬಹುದು. ಒತ್ತದೆ ಬಿಟ್ಟದ್ದನ್ನು ಯಾವುದರ ತಲೆಗೆ ಕಟ್ಟುವುದು?

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದವನು ಸರಿದು ಜಾಗ ಕೊಟ್ಟ. ನೋಡಿದರೆ ಅಲ್ಲಾಬಕ್ಷ. ಬೇಡ ಎನಿಸಿದಾಗಲೇ ಎದುರಾಗುವವರು ಕೆಲವರಿರುತ್ತಾರೆ. ಒಂದು ಕಾಲಕ್ಕೆ ಹುಮನಾಬಾದಿನ ಸುತ್ತ ಇವನ ಶಹನಾಯಿ ಇಲ್ಲದೆ ಅಕ್ಷತೆ ಬೀಳುತ್ತಿರಲಿಲ್ಲ; ಈಗ ಊರೂರ ಸಂತೆಯಲ್ಲಿ ಬೆಳ್ಳುಳ್ಳಿ ಮಾರುತ್ತಾನೆ. ಕಾಲ ಬಳಿ ಚೀಲ ಇತ್ತು, ಬಸ್ಸೆಲ್ಲ ಅದರದೇ ವಾಸನೆ. "ಏನ್ ಮಾಸ್ತರ, ಇವತ್ತು ಪೆಟಗಿ ಬಿಟ್ಟು ಖಾಲಿ ಕೈಲಿ ಹೊಂಟೀರಿ?" ಎಂದ. ಗುರುಲಿಂಗ ಅಕ್ಕನ ಮನೆಗೆ ಎಂದ. "ಸಂಗಮ್ಮಬಾಯಿ ಹ್ಯಾಂಗ ಅದಾರ? ಮನ್ನಾಏಖೇಳ್ಳಿ ಮಾತು ಕೇಳಿದೆ. ಆಗ್ತದ ಬಿಡ್ರಿ. ನಂದೂ ದಮ್ಮು ಹೋಗ್ಯಾದ. ನಿಮ್ಮ ಶಹನಾಯಿಗಿ ಒಂದು ಬೇಶ ಅದ ನೋಡ್ರಿ, ದಮ್ಮಿನ ದರಕಾರ ಇಲ್ಲ." ನಗುತ್ತಲೇ ಹೇಳಿದ. ಅವನ ಮಾತಿನಲ್ಲಿ ಕುಹಕ ಇದ್ದಿದ್ದರೆ ಗುರುಲಿಂಗನಿಗೆ ಹಗುರಾಗುತ್ತಿತ್ತು. ಕೀಬೋರ್ಡು ಹೊಸದಾಗಿ ತಂದ ವರ್ಷ ಇದೇ ಅಲ್ಲಾಬಕ್ಷ ಒಂದು ಮದುವೆಯಲ್ಲಿ ದೂರ ಕೂತು ಕೇಳಿ, ಊಟದ ಹೊತ್ತಿಗೆ ಹತ್ತಿರ ಬಂದು, ಹೀಗೆ ಎಡೆಬಿಡದೆ ಬಾರಿಸಿದರೆ ಜನಕ್ಕೆ ಪೆಟಗಿ ಅಂತ ತಿಳಿಯುತ್ತದೆ, ನಡು ನಡುವೆ ಬೆರಳು ಎತ್ತಿರಿ, ಊದುವವನು ಉಸಿರು ತಗೊಂಡ ಎಂದುಕೊಳ್ಳಲಿ ಎಂದು ಹೇಳಿಕೊಟ್ಟು ಹೋಗಿದ್ದ. ಆಮೇಲೆ ಅವನನ್ನು ಯಾರೂ ಮದುವೆಗೆ ಕರೆಯಲಿಲ್ಲ. ಗುರುಲಿಂಗ ಇವತ್ತಿಗೂ ಶಹನಾಯಿ ಬಾರಿಸುವಾಗ ಬೆರಳು ಎತ್ತುತ್ತಾನೆ, ಅಲ್ಲಾಬಕ್ಷನ ಉಸಿರಿನ ಲೆಕ್ಕಕ್ಕೇ ಎತ್ತುತ್ತಾನೆ. ರಾಜೇಶ್ವರದಲ್ಲಿ ಅಲ್ಲಾಬಕ್ಷ ಚೀಲ ಹೊತ್ತು ಇಳಿದ. ಇಳಿಯುವ ಮುಂಚೆ ಒಂದು ಗಡ್ಡೆ ಬೆಳ್ಳುಳ್ಳಿ ಇವನ ಕೈಗೆ ತುರುಕಿ, "ಚಟ್ನಿಗಿ ಆಗ್ತದ, ಒಯ್ಯಿರಿ" ಎಂದ. ಗುರುಲಿಂಗ ಅದನ್ನು ಜೇಬಿಗೆ ಹಾಕಿಕೊಂಡ.

ಹೊರಗೆ ತೊಗರಿಯ ಹೊಲಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಎರಡು ವರ್ಷದ ಹಿಂದೆ ಅಕ್ಕ ಮೋರಖಂಡಿಯಲ್ಲಿ ಹಾಡಿದಾಗ ಕೂಡ ಶಾಮಿಯಾನದ ಹಿಂದೆ ತೊಗರಿಯೇ ಇತ್ತು. ಅವತ್ತು ಅಕ್ಕನ ಮೇಲಿನ ಷಡ್ಜ ಕೂದಲೆಳೆಯಷ್ಟು ಕೆಳಗೆ ನಿಂತದ್ದನ್ನು ಅವನು ಕೇಳಿದ. ಒಂದು ಸಲವಲ್ಲ, ಏರಿದಾಗಲೆಲ್ಲ. ವಯಸ್ಸು ಅರವತ್ತರ ಹತ್ತಿರ ಬಂದಿತ್ತು, ಆಗುವಂಥದೇ. ಅಕ್ಕನಿಗೆ ಅದು ಕೇಳಿಸಿದಂತಿರಲಿಲ್ಲ. ತನ್ನ ಗಂಟಲಿನ ಇಳಿತ ತನಗೆ ಎಲ್ಲರಿಗಿಂತ ತಡವಾಗಿ ತಿಳಿಯುತ್ತದೆ. ಅವನು ಏನೂ ಯೋಚಿಸದೆ ಕೀಬೋರ್ಡಿನ ಮೈಕಿನ ಪುಟಕ್ಕೆ ಹೋಗಿ ತಿದ್ದುವ ಗುಂಡಿ ಒತ್ತಿದ. ಮೊದಲು ಎಂದೂ ಅದನ್ನು ಬಳಸಿರಲಿಲ್ಲ. ಮುಂದಿನ ಸಲ ಏರಿದ ಷಡ್ಜ ಮೊಳೆ ಹೊಡೆದಂತೆ ಜಾಗದಲ್ಲಿ ಕೂತಿತು. ಜೊತೆಗಿಷ್ಟು ಎಕೋ ಬೆರೆಸಿದ. ಹೊಲದಾಚೆಯ ವಸ್ತಿಯ ಜನ ಕೂಡ ಎದ್ದು ಬಂದು ನಿಂತರು, ಮುದುಕರು ಕಣ್ಣೊರೆಸಿಕೊಂಡರು. ಮುಗಿದ ಮೇಲೆ ಅಕ್ಕ ತನ್ನ ಪ್ರಸಾದದಲ್ಲಿ ಅರ್ಧ ಮುರಿದು ಅವನ ಕೈಗಿಟ್ಟು, "ಇವತ್ತು ಧ್ವನಿ ತಾನೇ ಎದ್ದು ಬಂತು ನೋಡು ತಮ್ಮಾ. ನಾ ಹಾಡಲಿಲ್ಲ, ಯಾರೋ ಹಾಡಿಸಿದ್ರು" ಎಂದಳು. ಆ ಮುಖ ನೋಡಿದ ಮೇಲೆ ಯಾರಿಗೆ ತಾನೆ ಹೇಳಲು ಮನಸ್ಸಾದೀತು? ಇದು ಅವನು ತನಗೆ ತಾನು ಹೇಳಿಕೊಳ್ಳುವ ಕಥೆ. ಆದರೆ ಕಥೆಯ ಅಡಿಯಲ್ಲಿ ಇನ್ನೊಂದು ಇತ್ತು, ಅದು ಇವತ್ತು ಬಸ್ಸಿನ ಕುಲುಕಾಟದಲ್ಲಿ ಮೇಲೆ ಬಂತು. ಅವನಿಗೆ ಅದು ರುಚಿಸಿತ್ತು. ಹೈಸ್ಕೂಲು ದಾಟದ, ಜನರೆದುರು ಹಾಡಲು ಬಾರದ, ಎಲ್ಲ ಸಭೆಯಲ್ಲೂ ಬದಿಗೆ ಕೂರುವ ತನ್ನ ಕೈಯ ಕೆಳಗೆ ಸಂಗಮ್ಮನ ದನಿ ಇದೆ ಎಂಬುದು. ಯಾರಾದರೂ ಆಹಾ ಎಂದಾಗ ಅವಳಿಗಿಂತ ಮೊದಲು ಇವನ ತಲೆ ತೂಗುತ್ತಿತ್ತು. ದೇವರ ಮೇಲೆ ಆಣೆ ಮಾಡಿ ಅಲ್ಲ ಎನ್ನಲಾರ.

ಮನ್ನಾಏಖೇಳ್ಳಿಯಿಂದ ವಾಪಸ್ಸು ಬರುವಾಗ ಜೀಪಿನಲ್ಲಿ ಅಕ್ಕ ಮೆಲ್ಲಗೆ, "ಗುರುಲಿಂಗ, ಒಳಗ ಒಂದು ಕೇಳಿಸ್ತು, ಹೊರಗ ಇನ್ನೊಂದು ಬಂತು. ಹಂಗ್ಯಾಕ?" ಎಂದು ಕೇಳಿದ್ದಳು. ಇದಕ್ಕಿಂತ ಸರಿಯಾಗಿ ಯಾರೂ ಆ ತಪ್ಪನ್ನು ಹೇಳಲಾರರು. ಉತ್ತರ ಅವನ ತೊಡೆಯ ಮೇಲೆಯೇ ಇತ್ತು, ಚೀಲದಲ್ಲಿ ಕಟ್ಟಿಕೊಂಡು. ಅವನು, "ದಣಿವು ಇರ್ಬೇಕ್ರಿ ಅಕ್ಕಾ. ವಯಸ್ಸಿಂದೂ ಒಂದಿಷ್ಟು ಇರ್ತದಲ್ಲರಿ" ಎಂದ. ಅವಳು ತಲೆಯಾಡಿಸಿ ಸೆರಗು ಹೊದ್ದುಕೊಂಡಳು. ಆ ತಲೆಯಾಡಿಸಿದ್ದು ನೆನಪಾದಾಗ ಅವನಿಗೆ ಬಸ್ಸಿನಲ್ಲೇ ಬೆವರು ಬಂತು. ಸಸ್ತಾಪುರ ಬಂಗ್ಲಾ ಬಂದು, ಇಳಿಯಬೇಕೋ ಬೇಡವೋ ಎಂದು ಕೂತೇ ಇದ್ದವನನ್ನು ಕಂಡಕ್ಟರು, "ಈ ಗಾಡಿ ಊರೊಳಗ ಹೋಗಂಗಿಲ್ರಿ, ಕಲ್ಯಾಣದವರು ಇಳೀರಿ" ಎಂದು ಇಳಿಸಿದ. ಅಲ್ಲಿಂದ ಊರಿಗೆ ಟಂಟಂ ಆಟೊ. ಅದರಲ್ಲಿ ಕೂತವನ ಮೊಣಕಾಲಿಗೆ ಯಾರದೋ ಕೋಳಿಯ ಬುಟ್ಟಿ ತಾಗುತ್ತಿತ್ತು, ಅಕ್ಕನ ಓಣಿ ತ್ರಿಪುರಾಂತ ಬರುವವರೆಗೂ ಅವನು ಅದನ್ನು ಸರಿಸಲಿಲ್ಲ.

ಸ್ನೇಹಲ್ ಬಾಗಿಲಲ್ಲೇ ಸಿಕ್ಕಳು. "ಬರ್ರಿ ಕಾಕಾ, ಶರಣ್ರಿ," ಎಂದು ಚೊಂಬಿನಲ್ಲಿ ನೀರು ಕೊಟ್ಟು, ದನಿ ಇಳಿಸಿ, "ಕಿವಿ ಡಾಕ್ಟರ್ ಕಡಿ ಹೋಗಿ ಬಂದಾರ್ರಿ. ಕಿವಿ ಬರೋಬ್ಬರಿ ಅವ ಅಂದ್ರಂತ. ಅದಕ್ಕ ಇನ್ನಾ ಕುಗ್ಯಾರ" ಎಂದಳು. ಕಿವಿ ಸರಿಯಿದೆ ಎಂದರೆ ಕೆಟ್ಟದ್ದು ಗಂಟಲೇ ಎಂದಾಯಿತಲ್ಲ. ಗುರುಲಿಂಗ ಚೊಂಬು ಎತ್ತಿ ಕುಡಿದ, ನೀರು ಅಂಗಿಯ ಮೇಲೆ ಸುರಿಯಿತು. ಕಿವಿಯ ಡಾಕ್ಟರಿನ ಬಾಗಿಲಿಗೆ ಅಕ್ಕನನ್ನು ಕಳಿಸಿದವನು ತಾನು. ಅಲ್ಲಿ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತ ಕೂತಿದ್ದಾಳು, ಒಳಗೆ ಯಾರೋ ಹುಡುಗ ಡಾಕ್ಟರು ಟಿಕ್ ಟಿಕ್ ಸದ್ದು ಕೇಳಿಸಿ, ಕೇಳಿದಾಗ ಕೈ ಎತ್ತಮ್ಮಾ ಎಂದಿದ್ದಾನು, ಸಾವಿರ ಜನರೆದುರು ಹಾಡಿದವಳು ಶಾಲೆಯ ಮಗುವಿನ ಹಾಗೆ ಕೈ ಎತ್ತಿದ್ದಾಳು.

ಸಂಗಮ್ಮ ಪಡಸಾಲೆಯಲ್ಲಿ ಮೊರದಲ್ಲಿ ಜೋಳ ಕೇರುತ್ತಿದ್ದಳು. ಕೇರುವಿಕೆಯಲ್ಲೂ ಒಂದು ಲಯವಿತ್ತು, ಅದನ್ನು ತಪ್ಪಿಸಲು ಅವಳಿಗೂ ಆಗುತ್ತಿರಲಿಲ್ಲ. "ಬಾ ತಮ್ಮಾ, ಕೂಡು. ಇಕಿ ಫೋನ್ ಮಾಡಿ ನಿನ್ನ ಹಗಲು ಕೆಡಿಸಿದಳು. ಹೇಳೂದೇನದ, ಹಾಡಿದೆ, ಸಾಕಾಯ್ತು. ಸ್ನೇಹಲಗ ನೀ ಒಂದಿಷ್ಟು ಸಾಥ್ ಕೊಡು. ಅಕಿ ಧ್ವನಿ ಸಣ್ಣದು, ನಿನ್ನ ಪೆಟಗ್ಯಾಗ ಏನರೆ ಮಾಡಿ ದೊಡ್ಡದು ಮಾಡು."

"ಅಕ್ಕಾ, ನೀವು ಬಿಡಬ್ಯಾಡ್ರಿ."

"ಬಿಡಬ್ಯಾಡಂದ್ರ ಹ್ಯಾಂಗ? ರಿಷಭ ತಪ್ಪಿದಾಕಿ ಭೈರವಿ ಹ್ಯಾಂಗ ಹಾಡ್ಲಿ? ಈಗ ಒಳಗೂ ಕೇಳವಲ್ದು. ಮುಂಜಾನಿ ಕುಂತು ಮೆಲ್ಲಗ ಅಂದು ನೋಡ್ತೀನಿ, ಸರಿ ಬಂತೋ ತಪ್ಪಿ ಬಂತೋ ತಿಳಿಯಂಗಿಲ್ಲ. ಅಷ್ಟು ಅಂಜಿಕಿ ಬಂದ್ಬಿಟ್ಟದ." ಇಷ್ಟನ್ನು ಅವಳು ಜೋಳದೊಳಗಿನ ಕಲ್ಲು ಆರಿಸುತ್ತ ಹೇಳಿದಳು, ತನಗೆ ಸಂಬಂಧವಿಲ್ಲದವರ ಮಾತಿನಂತೆ.

ಗುರುಲಿಂಗನಿಗೆ ಒಂದು ಸುಳ್ಳು ಸಿದ್ಧವಾಗಿ ಬಾಯಿಗೆ ಬಂತು. ಸ್ಪೀಕರು ಕೆಟ್ಟಿತ್ತು, ತಾನು ಈಗಷ್ಟೇ ನೋಡಿದೆ, ರಿಪೇರಿಗೆ ಕೊಟ್ಟೆ. ಎಷ್ಟು ಚೆನ್ನಾಗಿ ಹೊಂದುತ್ತಿತ್ತು. ಅಕ್ಕ ನಂಬುತ್ತಿದ್ದಳು, ಸ್ನೇಹಲ್ ನಕ್ಕು ಚಹಾ ಮಾಡುತ್ತಿದ್ದಳು, ನಿರ್ಣಾದಲ್ಲಿ ಮತ್ತೆ ನಾಲ್ಕು ಗುಂಡಿಗಳು, ಮತ್ತೆ ಆಹಾ. ಆ ಸುಳ್ಳನ್ನು ಹೇಳಲು ಅವನು ಬಾಯಿ ತೆರೆದಿದ್ದ ಕೂಡ. ದಣಿವೋ ಏನೋ, ಇನ್ನೊಂದನ್ನು ಹೊರುವ ತ್ರಾಣ ಇರಲಿಲ್ಲ. "ರಿಷಭ ನೀವು ತಪ್ಪಿಲ್ರಿ ಅಕ್ಕಾ," ಎಂದ. "ಪೆಟಗಿ ತಪ್ಪಿಸ್ತು. ನಾ ತಪ್ಪು ಗುಂಡಿ ಒತ್ತಿದ್ದೆ."

ಮೊರ ನಿಂತಿತು. "ಗುಂಡಿ ಒತ್ತಿದ್ರ ನನ್ನ ಸ್ವರ ಹ್ಯಾಂಗ ತಪ್ತದ? ಬಾರಿಸಾಂವ ನೀ, ಹಾಡಾಕಿ ನಾ."

"ನಿಮ್ಮ ಮೈಕು ಅದರೊಳಗಿಂದೇ ಹೋಗ್ತದರಿ. ಸ್ವರ ಜಾರಿದ್ರ ಅದು ತಿದ್ದಿ ಹೊರಗ ಬಿಡ್ತದ. ಅವತ್ತು ಭೈರವಿದು ಇಡೂದು ಬಿಟ್ಟು ಬ್ಯಾರೇದು ಇಟ್ಟಿದ್ದೆ. ಸರಿ ಇದ್ದ ರಿಷಭಾನೂ ಅದು ಎತ್ತಿಬಿಡ್ತು. ಜೀಪಿನೊಳಗ ವಯಸ್ಸು ಅಂದೆನಲ್ಲರಿ, ಅದು ಸುಳ್ಳು. ನನಗ ಸ್ಟೇಜ್ ಮ್ಯಾಲೇ ಗೊತ್ತಾಗಿತ್ತು."

ಸ್ನೇಹಲ್ ಒಳಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಅಕ್ಕನ ಮುಖದಲ್ಲಿ ಮೊದಲು ಬಂದದ್ದು ಸಂತೋಷವೇ. ಅದನ್ನು ಅವನು ಕಣ್ಣಾರೆ ಕಂಡ. ಭುಜಗಳು ಸಡಿಲವಾದವು, ಕೈ ತಾನಾಗಿ ಗಂಟಲಿಗೆ ಹೋಗಿ ಮಗುವಿನ ಕೆನ್ನೆ ಮುಟ್ಟಿದಂತೆ ಮುಟ್ಟಿಕೊಂಡಿತು. ಇಲ್ಲಿಗೇ ಎದ್ದು ಹೋಗಿಬಿಡಬೇಕು ಎನಿಸಿತು ಅವನಿಗೆ. ಆದರೆ ಅವಳ ಕೈ ಗಂಟಲಲ್ಲೇ ನಿಂತಿತು. ಯೋಚನೆ ಹಿಂದಕ್ಕೆ ಹೋಗುವುದು ಅವಳ ಕಣ್ಣಿನಲ್ಲಿ ಕಾಣುತ್ತಿತ್ತು, ಒಂದೊಂದೇ ಊರು, ಒಂದೊಂದೇ ಶಾಮಿಯಾನ.

"ಜಾರಿದ್ರ ತಿದ್ದತದ ಅಂದಿ. ಅಂದ್ರ ಜಾರತಿತ್ತು."

ಅವನು ಒದ್ದೆ ಅಂಗಿಯ ಅಂಚು ಹಿಂಡತೊಡಗಿದ.

"ಮೋರಖಂಡಿಯೊಳಗ?"

"ಅವತ್ತೇ ಚಾಲೂ ಮಾಡಿದ್ದರಿ."

ಹೊರಗೆ ಯಾರೋ ಹಾಲಿನ ಡಬ್ಬಿ ಬಡಿದುಕೊಂಡು ಹೋದರು. ಸಂಗಮ್ಮ ಮೊರವನ್ನು ಪಕ್ಕಕ್ಕಿಟ್ಟು, ಸೀರೆಗೆ ಹತ್ತಿದ ಹೊಟ್ಟು ಕೊಡವಿ, ಬೆನ್ನು ನೆಟ್ಟಗೆ ಮಾಡಿ ಕೂತಳು. ಬೈಯುತ್ತಾಳೆ ಎಂದುಕೊಂಡ, ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಅವಳು ಸ್ನೇಹಲ್ ಕಡೆ ನೋಡಿ, "ಫ್ಯಾನ್ ಬಂದ್ ಮಾಡವ್ವಾ" ಎಂದಳು. ಫ್ಯಾನು ಕಿರ್ರೆಂದು ನಿಧಾನವಾಗಿ ನಿಂತಿತು. ಆಮೇಲೆ ಶ್ರುತಿಯಿಲ್ಲದೆ, ತಾಳವಿಲ್ಲದೆ, ತಾನು ಯಾವಾಗಲೂ ಹಾಡುವ ಕರಿ ಐದಕ್ಕೇ, ಅಂದರೆ ಹಾರ್ಮೋನಿಯಂನ ಐದನೆಯ ಕಪ್ಪು ಮನೆಗೇ, ಷಡ್ಜ ಹಿಡಿದು ಭೈರವಿ ಎತ್ತಿಕೊಂಡಳು. ಎರಡು ವರ್ಷದಲ್ಲಿ ಗುರುಲಿಂಗ ಅವಳ ಬರಿಯ ದನಿ ಕೇಳಿರಲಿಲ್ಲ. ಇದು ಇಷ್ಟು ಒರಟಾಗಿದೆಯೇ, ಇಷ್ಟು ಹತ್ತಿರವಾಗಿದೆಯೇ ಎನಿಸಿತು. ಅಲ್ಲಲ್ಲಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ರಿಷಭ ಬಂತು, ಷಡ್ಜದ ಮಗ್ಗುಲಿಗೇ ಒತ್ತಿಕೊಂಡು, ಯಾವ ಪೆಟ್ಟಿಗೆಗೂ ತಿಳಿಯದಷ್ಟು ತುಸುವೇ ಕೆಳಗೆ, ಭೈರವಿಗೆ ಎಷ್ಟು ಬೇಕೋ ಅಷ್ಟಕ್ಕೆ ನಿಂತಿತು. ಅವನ ಕಣ್ಣಲ್ಲಿ ನೀರು ಬಂತು. ಮುಂದೆ ಸಾಲು ಮೇಲೇರಿತು. ಮೇಲಿನ ಷಡ್ಜಕ್ಕೆ ಅವಳು ಕತ್ತು ಎತ್ತಿದಳು, ಕತ್ತಿನ ನರ ಉಬ್ಬಿತು, ಸ್ವರ ಹೊಸ್ತಿಲ ಹತ್ತಿರ ಬಂದು ಒಳಗೆ ಕಾಲಿಡದೆ ನಿಂತುಕೊಂಡಿತು. ಅವನ ಬಲಗೈ ತೊಡೆಯ ಮೇಲೆ ಗುಂಡಿ ಹುಡುಕುತ್ತಿತ್ತು. ನಾಚಿಕೆಯಾಗಿ ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ.

ಸಾಲು ಮುಗಿಸಿ ಅವಳು ಅವನನ್ನೇ ನೋಡಿದಳು. "ಹ್ಯಾಂಗದ?"

"ರಿಷಭ ಒಂದು ಕೂದಲೆಳಿ ಸುದ್ಧಾ ಆಚೆ ಈಚೆ ಇಲ್ರಿ ಅಕ್ಕಾ."

"ನಾ ರಿಷಭ ಕೇಳಲಿಲ್ಲ."

ಅವನು ಚಾಪೆಯ ಅಂಚು ನೋಡಿದ. ಒಂದು ಮಾತು ಹೇಳಲು ಇಷ್ಟು ಬಲ ಬೇಕೇ? "ಮ್ಯಾಲಿನ ಷಡ್ಜ ಮುಟ್ಟವಲ್ದ್ರಿ," ಎಂದ.

"ಎಂದಿನಿಂದ?"

"ಮೋರಖಂಡಿಗಿಂತ ಒಂದಿಷ್ಟು ಮೊದಲಿಂದ."

"ಅವತ್ತೇ ನನ್ನ ಕಿವ್ಯಾಗ ಅಂದಿದ್ರ," ಎಂದಳು ಸಂಗಮ್ಮ, ದನಿ ಏರಿಸದೆ, "ಎರಡು ಮನಿ ಕೆಳಗ ಇಳದು ಹಾಡ್ತಿದ್ದೆನಲ್ಲೋ. ಕರಿ ಐದು ಬಿಟ್ಟು ಕರಿ ನಾಕು. ಅಷ್ಟೇ ಇತ್ತಲ್ಲ ಕೆಲಸ. ಮುದುಕ್ಯಾರೆಲ್ಲ ಹಂಗೇ ಇಳೀತಾರ. ನಮ್ಮವ್ವ ಇಳದಿದ್ದಳು. ಅದರಾಗ ನಾಚಿಕಿ ಎಲ್ಲಿತ್ತು?"

ಗುರುಲಿಂಗನಿಗೆ ತಲೆಯ ಮೇಲೆ ಯಾರೋ ತಣ್ಣೀರು ಹಾಕಿದಂತಾಯಿತು. ಹಾರ್ಮೋನಿಯಂ ಹಿಡಿದು ಕೂರುತ್ತಿದ್ದ ಕಾಲದಲ್ಲಿ ಇದು ಅವನಿಗೂ ಗೊತ್ತಿದ್ದ ಮಾತೇ. ಎಂಥ ಹೊಸ ಹುಡುಗನೂ ಹಾಡುವವರ ಕಡೆ ಬಾಗಿ, ಇಳಿಸೋಣವೇ ಎಂದು ಕೇಳುತ್ತಾನೆ. ಅದು ಪಕ್ಕದಲ್ಲಿ ಕೂತವನ ಮೊದಲ ಕೆಲಸ. ಕೈಯಲ್ಲಿ ತಿದ್ದುವ ಗುಂಡಿ ಸಿಕ್ಕ ದಿನ ಅವನಿಗೆ ಅದು ಹೊಳೆಯಲೇ ಇಲ್ಲ. ಹೊಳೆಯದ್ದೋ, ಬೇಡವಾದದ್ದೋ. ಈಗ ಅದನ್ನು ಬಿಡಿಸಿ ನೋಡುವ ಧೈರ್ಯ ಇರಲಿಲ್ಲ.

ಸಂಗಮ್ಮ ಕಣ್ಣು ಮುಚ್ಚಿ ಗಂಟಲಲ್ಲೇ ಕೆಳಗಿನ ಷಡ್ಜ ಹುಡುಕಿದಳು, ಕತ್ತಲಲ್ಲಿ ಮೆಟ್ಟಿಲು ಹುಡುಕುವವರ ಹಾಗೆ. ಸಿಕ್ಕಿತು. ಅದೇ ಸಾಲನ್ನು ಮತ್ತೆ ಹಾಡಿದಳು. ದನಿ ದಪ್ಪಗಾಯಿತು, ಎದೆಗೆ ಇಳಿಯಿತು. ಅವನು ಬಲ್ಲ ಸಂಗಮ್ಮನ ದನಿಯಲ್ಲ, ವಯಸ್ಸಾದ ಯಾರೋ ಹೆಂಗಸಿನದು. ಏರಿತು. ಮೇಲಿನ ಷಡ್ಜ ಕತ್ತಿನ ನರ ಉಬ್ಬದೆ ಮುಟ್ಟಿ, ಅಲ್ಲಿ ಸ್ವಲ್ಪ ಹೊತ್ತು ಕೂತು, ಇಳಿದು ಬಂತು. ಸ್ನೇಹಲ್ ಬಾಗಿಲಿಗೆ ಒರಗಿ ಸೌಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. ಸಂಗಮ್ಮ ಒಂದು ಗುಟುಕು ನೀರು ಕುಡಿದಳು.

"ನಿರ್ಣಾದವರಿಗಿ ಫೋನ್ ಹಚ್ಚವ್ವಾ," ಎಂದಳು ಸೊಸೆಗೆ. "ನಾನೇ ಬರ್ತೀನಿ ಅನ್ನು. ಹಾರ್ಮೋನಿಯಂ ಒಂದಿದ್ರ ಸಾಕು ಅನ್ನು."

"ಹಾರ್ಮೋನಿಯಂ ನಾ ಬಾರಿಸ್ತೀನ್ರಿ ಅಕ್ಕಾ," ಎಂದ ಗುರುಲಿಂಗ ಅವಸರದಿಂದ. "ಪೆಟಗಿ ತರಂಗಿಲ್ಲ. ಮನ್ಯಾಗ ಹಳೀದು ಅದ. ಎಲ್ಲಿ ಇಳಿಸ್ಬೇಕು, ಎಲ್ಲಿ ಸ್ವರ ಕೆಡ್ತು, ಅಲ್ಲೇ ಹೇಳ್ತೀನಿ. ನನ್ನ ಕಿವಿ ಅಂತೂ ನಿಮಗ ಗೊತ್ತದಲ್ಲರಿ."

"ಗೊತ್ತದ ತಮ್ಮಾ. ನಿನ್ನ ಕಿವಿ ಮ್ಯಾಲ ಭರವಸಿ ಅದ. ಬಾಯಿ ಮ್ಯಾಲ ಇಲ್ಲ." ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ತಡೆಯದಾಯಿತು. "ಊಟ ಮಾಡಿ ಹೋಗು. ನಿರ್ಣಾಕ್ಕ ಬರಬ್ಯಾಡ."

ಸ್ನೇಹಲ್ ತಾಟು ಹಾಕಿದಳು. ರೊಟ್ಟಿ, ಪುಂಡಿಪಲ್ಯ, ಮೊಸರು. ಬೇಡ ಎಂದರೆ ಇ‌ನ್ನೊಂದು ಅಪರಾಧವಾದೀತೆಂದು ಅವನು ಕೂತು ಉಂಡ. ಪಡಸಾಲೆಯಲ್ಲಿ ಅಕ್ಕ ಮತ್ತೆ ಮೊದಲಿನಿಂದ ಹಾಡತೊಡಗಿದ್ದಳು, ಕರಿ ನಾಲ್ಕಕ್ಕೆ, ಹೊಸ ಮನೆಗೆ ಬಂದವರು ಬಾಗಿಲು ಕಿಟಕಿ ತೆರೆದು ನೋಡುವಂತೆ ಒಂದೊಂದೇ ಸ್ವರ ತೆರೆದು ನೋಡುತ್ತ. ಒಂದು ಕಡೆ ಪಂಚಮ ಸ್ವಲ್ಪ ಜಾರಿತು. ಅವನು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಅವಳು ಈ ಕಡೆ ನೋಡಿ ಕೇಳಿಯಾಳೇ ಎಂದು ಕಾದ. ಅವಳು ನೋಡಲಿಲ್ಲ. ತಾನೇ ನಿಂತು, ತಾನೇ ಕೇಳಿಸಿಕೊಂಡು, ಸರಿಮಾಡಿಕೊಂಡು ಮುಂದೆ ಹೋದಳು.